ಎರಡು ಹೆಲ್ಮೆಟ್, ಒಂದು ಗುಂಡಿ

ಮಾರ್ಚ್ 8, ಸೋಮವಾರ. ಅಸ್ಸಾ ಶಿಬಿರ

ಮಿಡತೆ ಲೆಕ್ಕದ ಹಾಳೆಗಳ ಹಿಂಬದಿ ಖಾಲಿ ಬಿದ್ದಿರುತ್ತದೆ. ಸರ್ಕಾರದ ಕಾಗದ ಅರ್ಧ ದಂಡವಾಗುವುದನ್ನು ನೋಡಲಾರದೆ ಅದರ ಮೇಲೆ ಬರೆಯಲು ಕೂತಿದ್ದೇನೆ. ಐದನೇ ಇಯತ್ತೆ ಪಾಸು. ನಮ್ಮೂರು ತಿಜಗಿಯಲ್ಲಿ ನನ್ನಷ್ಟು ದುಂಡಗೆ ಬರೆಯುವವರು ಇನ್ನೊಬ್ಬರೇ ಇದ್ದರು, ಶಾಲೆಯ ಮೇಷ್ಟ್ರು. ಅವರಿಗೂ ವರ್ಗವಾಯಿತು.

ಇಂದು ಹೊಸ ಪೈಲಟ್ ಬಂದಳು. ಹೆಸರು ಗಿಜ್ಲಾನ್, ಕಾಸಾಬ್ಲಾಂಕಾದವಳು. ನನ್ನನ್ನು ‘ಸಿ ಫಾಸ್ಕ’ ಎಂದು ಕರೆದಳು, ಸಾಹೇಬರನ್ನು ಕರೆದ ಹಾಗೆ. ಶಿಬಿರದ ಅಡುಗೆಯವನಿಂದ ಹಿಡಿದು ಮುಖ್ಯಸ್ಥನವರೆಗೆ ಎಲ್ಲರಿಗೂ ನಾನು ಫಾಸ್ಕ ಮಾವ. ಇವಳದು ಪಟ್ಟಣದ ಮರ್ಯಾದೆ. ಇರಲಿ, ಬಿಸಿಲಿಗೆ ಕರಗುತ್ತದೆ.

ಹೆಲಿಕಾಪ್ಟರಿನಲ್ಲಿ ಪೈಲಟ್ ಬಲಗಡೆ, ನಾನು ಎಡಗಡೆ. ಐದು ವಸಂತದಿಂದ ಆ ಎಡಗಡೆಯ ಸೀಟು ನನ್ನದು. ಮಿಡತೆ ಹಿಂಡು ಸಂಜೆ ಎಲ್ಲಿ ಇಳಿದು ಮಲಗುತ್ತದೆ ಎಂಬುದನ್ನು ಗಾಳಿ, ಜಾಲಿಮರ, ಬಂಡೆಯ ಬಿಸಿ ನೋಡಿ ಹೇಳಬಲ್ಲವನು ಈ ಬಾನಿ ಬೆಟ್ಟದ ಉದ್ದಕ್ಕೂ ನಾನೊಬ್ಬನೇ. ಬೆಳಗ್ಗೆ ಮೈ ಬಿಸಿಯಾಗಿ ಅವು ಮೇಲೇಳುವುದರೊಳಗೆ ಔಷಧ ಬೀಳಬೇಕು. ತಡವಾದರೆ ಹಿಂಡು ಯಾರದೋ ಹೊಲದಲ್ಲಿರುತ್ತದೆ.

ಹೆಲಿಕಾಪ್ಟರೂ ಹೊಸದೇ, ಅಂದರೆ ನಮಗೆ ಹೊಸದು. ಅದರಲ್ಲೊಂದು ವಿಚಿತ್ರ. ನೆಲದವರ ಮಾತು, ಶಿಬಿರದ ಮಾತು, ನಮ್ಮಿಬ್ಬರ ಮಾತು ಎಲ್ಲ ಹೆಲ್ಮೆಟ್ಟಿನೊಳಗೇ ಕೇಳಬೇಕಲ್ಲ, ಆ ಸದ್ದು ಏರಿಸಲು ಇಳಿಸಲು ಇಬ್ಬರಿಗೂ ಸೇರಿ ನಡುವೆ ಒಂದೇ ಗುಂಡಿ. ನಾನು ಏರಿಸುತ್ತೇನೆ, ಅವಳು ಇಳಿಸುತ್ತಾಳೆ. ಒಂದೇ ಕಂಬಳಿ ಹೊದ್ದು ಮಲಗಿದ ಗಂಡ ಹೆಂಡಿರ ಹಾಗೆ ಇಡೀ ಬೆಳಗ್ಗೆ ಎಳೆದಾಡಿದೆವು.

“ಸಿ ಫಾಸ್ಕ, ಇಷ್ಟು ಜೋರಿದ್ರೆ ನನ್ನ ತಲೆ ಸಿಡಿದುಹೋಗುತ್ತೆ.”

“ಪಿಸುಗುಡೋ ರೇಡಿಯೋನ ನಂಬಬೇಡ ತಾಯಿ. ಅದು ಏನೋ ಮುಚ್ಚಿಡ್ತಿರುತ್ತೆ.”

ಅವಳು ನಕ್ಕಳು. ಮತ್ತೆ ಇಳಿಸಿದಳು.

ಸಂಜೆ ಹೆಂಡತಿ ಮಾಮಾಸ್ ಊರಿನಿಂದ ಕಚೇರಿಯ ಫೋನಿಗೆ ಮಾಡಿದ್ದಳು. ಏನೋ ಗೊಣಗೊಣ ಅಂದಳು. ಹೂಂ ಅಂದೆ. ಮೂವತ್ತೆರಡು ವರ್ಷದ ನೆಮ್ಮದಿಯ ಸಂಸಾರದ ಗುಟ್ಟು ಈ ಒಂದು ಹೂಂ.

ಮಾರ್ಚ್ 11, ಗುರುವಾರ

ಇಂದಿನದನ್ನು ಚಿಕ್ಕದಾಗಿ ಬರೆದು ಮುಗಿಸುತ್ತೇನೆ.

ಒಣ ಹೊಳೆಯ ಆಚೆ ಬಾವಿಯ ಪಂಪಿಗೆ ಹೊಸದಾಗಿ ಕರೆಂಟಿನ ತಂತಿ ಎಳೆದಿದ್ದಾರೆ. ನೆಲದ ಜೀಪಿನವರು “ಮುಂದೆ ತಂತಿ ಇದೆ” ಎಂದು ಮೂರು ಸಲ ಹೇಳಿದರಂತೆ. ಗಿಜ್ಲಾನ್ ಆಗ ಶಿಬಿರಕ್ಕೆ ಉತ್ತರ ಕೊಡುತ್ತಿದ್ದಳು. ಅಂಥ ಹೊತ್ತಿನಲ್ಲಿ ನೆಲದ ಮಾತಿಗೆ ಕಿವಿ ಕೊಡುವುದು ಎಡಗಡೆಯವನ ಕೆಲಸ. ನನಗೆ ಕೇಳಿಸಿದ್ದು ಜೇನುಗೂಡಿನ ಸದ್ದು ಮಾತ್ರ. ಕೊನೆಯ ಗಳಿಗೆಯಲ್ಲಿ ಅವಳೇ ಕಂಬ ಕಂಡು ಮೇಲೆತ್ತಿದಳು. ನನ್ನ ಹೊಟ್ಟೆ ಇನ್ನೂ ಆ ತಂತಿಯ ಮೇಲೆಯೇ ಒಣಗುತ್ತಿದೆ.

ಗುಂಡಿ ಇಳಿದಿತ್ತು. ಇಳಿಸಿದ್ದು ಅವಳು. ನನ್ನ ತಪ್ಪೇನೂ ಇಲ್ಲ.

ಮಾರ್ಚ್ 12, ಶುಕ್ರವಾರ

ಶುಕ್ರವಾರದ ಕುಸ್ಕುಸ್ ತಟ್ಟೆಯ ಸುತ್ತ ಎಲ್ಲರೂ ಕೂತಿದ್ದಾಗಲೇ ಶಿಬಿರದ ಮುಖ್ಯಸ್ಥ ಸಿ ಮುಖ್ತಾರ್ ತೀರ್ಪು ಕೊಟ್ಟ. ಊಟದ ಮಧ್ಯೆ ಕೊಟ್ಟರೆ ಯಾರೂ ಎದ್ದು ಹೋಗುವುದಿಲ್ಲವೆಂದು ಅವನಿಗೆ ಗೊತ್ತು.

“ಫಾಸ್ಕ ಮಾವ, ನಾಳೆಯಿಂದ ನೀನು ನೀರಿನ ಲಾರಿ ಜೊತೆ ಇರು. ಗಿಜ್ಲಾನ್ ಆ ದಾರಿ ತೋರ್ಸೋ ನಕ್ಷೆ ಡಬ್ಬಿ ಇಟ್ಕೊಂಡು ಒಬ್ಳೇ ಹಾರ್ತಾಳೆ.”

“ಆ ಡಬ್ಬಿಗೆ ಮಿಡತೆ ವಾಸನೆ ಗೊತ್ತಾಗುತ್ತೇನಯ್ಯಾ?”

“ಗೊತ್ತಾಗಲ್ಲ. ಆದ್ರೆ ನಾವು ಹೇಳಿದ್ದು ಅದಕ್ಕೆ ಕೇಳ್ಸುತ್ತೆ.”

ಎಲ್ಲರೂ ಬಾಯಲ್ಲಿ ತುತ್ತು ಇಟ್ಟುಕೊಂಡೇ ನಕ್ಕರು. ನಾನೂ ನಕ್ಕೆ, ಎಲ್ಲರಿಗಿಂತ ಜೋರಾಗಿ. ತಿಂಗಳ ಕೊನೆಯವರೆಗೆ ಲಾರಿ, ಆಮೇಲೆ ಊರಿಗೆ. ಆ ಸೀಟು ಹೋದರೆ ಮತ್ತೆ ಬರುವುದಿಲ್ಲ, ಸರ್ಕಾರದಲ್ಲಿ ಹಾಗೆಯೇ.

ಗಿಜ್ಲಾನ್ ಏನೋ ಅಂದಳು. ಏನೆಂದು ಬೆಲೈದ್ ನನ್ನ ಪಕ್ಕಕ್ಕೆ ಬಂದು ಒದರಿ ಹೇಳಿದ. ಬೆಲೈದ್ ಹೆಲಿಕಾಪ್ಟರಿನ ಮೆಕ್ಯಾನಿಕ್, ಮೆದುವಾಗಿ ಮಾತಾಡಿ ಅವನಿಗೆ ಅಭ್ಯಾಸವಿಲ್ಲ. ಅವಳು ಅಂದದ್ದು ಇಷ್ಟು: “ತಪ್ಪು ಅವ್ರದಲ್ಲ. ಎರಡು ಜೊತೆ ಕಿವಿಗೆ ಒಂದು ಗುಂಡಿ ಸಾಕಾಗಲ್ಲ.”

ನೋಡಿದಿರಾ! ಪಾಪ, ಹುಡುಗಿಯ ಕಿವಿ ನಾಜೂಕು. ಅದನ್ನು ಎಷ್ಟು ಮಾನವಾಗಿ ಹೇಳಿಕೊಂಡಳು. ಅಂದಮೇಲೆ ಅವಳ ಹೆಲ್ಮೆಟ್ಟಿಗೆ ಬೇರೆ ಗುಂಡಿ ಹಾಕಿಕೊಟ್ಟರೆ ಮುಗಿಯಿತಲ್ಲ? ನಡುವಿನದನ್ನು ನನಗೆ ಬೇಕಾದಷ್ಟು ಏರಿಸಿ ಬಿಡುವುದು, ಅವಳು ತನ್ನದನ್ನು ತನಗೆ ಬೇಕಾದಷ್ಟು ಇಳಿಸಿಕೊಳ್ಳುವುದು. ಇಪ್ಪತ್ತು ವರ್ಷ ಲಾರಿ ಓಡಿಸಿದವನಿಗೆ ಇದು ಯಾವ ಮಹಾ ಕೆಲಸ!

ಸಿ ಮುಖ್ತಾರ್‌ಗೆ ಹೇಳಿದೆ. “ಬೆಲೈದ್ ಸಹಿ ಹಾಕಿದ್ರೆ ನೀನು ಹಾರು. ಹಾಕದಿದ್ರೆ ಲಾರಿ,” ಅಂದ. ಬೆಲೈದ್ ತನ್ನ ತಂದೆಯ ಹೆಸರು ಬರೆಯುವುದಕ್ಕೂ ಮೂರು ಸಲ ಯೋಚಿಸುವವನು.

ಮಾರ್ಚ್ 14, ಭಾನುವಾರ

ನನ್ನ ಹಳೆಯ ಲಾರಿಯ ಟೇಪ್‌ರೆಕಾರ್ಡರನ್ನು ನಾನು ಎಲ್ಲಿಗೆ ಹೋದರೂ ಹೊತ್ತುಕೊಂಡು ಹೋಗುತ್ತೇನೆ. ಅದರ ವಾಲ್ಯೂಮ್ ಗುಂಡಿ ಕಿತ್ತೆ. ಮೊದಲು ನನ್ನ ಹೆಲ್ಮೆಟ್ಟಿಗೇ ಕೂರಿಸಿ ಎಲ್ಲರಿಗೂ ತೋರಿಸೋಣವೆಂದು ಕಿವಿಯ ಹತ್ತಿರ ಅಂದವಾದ ಒಂದು ತೂತು ಕೊರೆದೆ. ಬಡಗಿಯೂ ನಾಚಬೇಕು, ಅಷ್ಟು ದುಂಡಗಿನ ತೂತು.

ಬೆಲೈದ್ ನೋಡಿದ. ಹೆಲ್ಮೆಟ್ ಎತ್ತಿ ಬಿಸಿಲಿಗೆ ಹಿಡಿದ. ತೂತಿನಲ್ಲಿ ಕಣ್ಣಿಟ್ಟು ನನ್ನನ್ನೇ ನೋಡಿದ.

“ಮಾವ, ಇದೇನು?”

“ಕಲೆ.”

“ಇದು ಮಡಕೆ ಆಗೋಯ್ತು ಮಾವ! ಬಿದ್ದ ಪೆಟ್ಟು ಇಡೀ ಚಿಪ್ಪಿಗೆ ಹಂಚಿಹೋಗ್ಲಿ ಅಂತ ಇದನ್ನ ಹೀಗೆ ಮಾಡಿರ್ತಾರೆ. ತೂತು ಕೊರೆದ್ರೆ ಅಲ್ಲಿಂದ್ಲೇ ಸೀಳುತ್ತೆ. ಅವಳ ಹೆಲ್ಮೆಟ್ ಹತ್ರ ನೀನು ಬರೀ ಉಸಿರಾಡಿದ್ರೂ ನಿನ್ನ ಕೈ ಮುರೀತೀನಿ.”

ಆ ಮಡಕೆಯಲ್ಲಿ ಈಗ ಅಡುಗೆಯವನು ಈರುಳ್ಳಿ ಇಟ್ಟುಕೊಂಡಿದ್ದಾನೆ. ನನಗೆ ಗೋದಾಮಿನಿಂದ ಹಳೆಯದೊಂದನ್ನು ಕೊಟ್ಟರು. ಆಡು ಹೆತ್ತ ವಾಸನೆ. ಇರಲಿ, ಅದನ್ನು ಹಾಕಿಕೊಳ್ಳುವುದಕ್ಕೆ ಮೊದಲು ಸೀಟು ಬೇಕಲ್ಲ.

ಮಾರ್ಚ್ 16, ಮಂಗಳವಾರ

ಹೆಲ್ಮೆಟ್ ಮುಟ್ಟಬಾರದು ತಾನೇ? ಮುಟ್ಟಲಿಲ್ಲ. ಹೆಲ್ಮೆಟ್ಟಿನಿಂದ ಇಳಿಯುವ ವಯರಿಗೂ ಹೆಲಿಕಾಪ್ಟರಿನ ಸಾಕೆಟ್ಟಿಗೂ ನಡುವೆ ಒಂದು ಸಣ್ಣ ಡಬ್ಬಿ ಇಟ್ಟೆ. ಸಾರ್ಡೀನ್ ಮೀನಿನ ಡಬ್ಬಿ. ಬೇಡವಾದರೆ ಕಿತ್ತು ಎಸೆದರಾಯಿತು, ಹೆಲ್ಮೆಟ್ ಮೊದಲಿನ ಹಾಗೇ. ಗುಂಡಿ ಇರುವುದು ಕಿವಿಯ ತಂತಿಗೆ ಮಾತ್ರ. ಬಾಯಿಯ ತಂತಿ ಮುಟ್ಟಲಿಲ್ಲ.

ಗಿಜ್ಲಾನ್ ನಿಂತ ಹೆಲಿಕಾಪ್ಟರಿನಲ್ಲಿ ಕೂತು ಗುಂಡಿ ತಿರುಗಿಸಿದಳು. ಒಂದು ಕೂದಲೆಳೆ ತಿರುಗಿಸಿದರೆ ಎಲ್ಲ ಸದ್ದೂ ಮಾಯ, ವಾಪಸ್ಸು ತಿರುಗಿಸಿದರೆ ಸಂತೆ. ನಡುವೆ ಏನೂ ಇಲ್ಲ.

“ಸಿ ಫಾಸ್ಕ, ಇದು ನನ್ನ ಅತ್ತೆ ಥರ. ಒಂದೋ ಮಾತೇ ಇಲ್ಲ, ಇಲ್ಲಾ ಕಿರುಚಾಟ.”

ಬೆಲೈದ್ ಮೀಟರು ಹಿಡಿದು ನೋಡಿ ಕುಣಿದುಬಿಟ್ಟ. ಟೇಪಿನ ಗುಂಡಿಯ ತಡೆ ಹತ್ತು ಸಾವಿರ ಓಮಿನದ್ದಂತೆ, ಈ ಕಿವಿಗೆ ಕೆಲವೇ ನೂರು ಸಾಕಂತೆ. ಪುಟ್ಟ ಕಾಲುವೆಗೆ ಅಣೆಕಟ್ಟಿನ ಬಾಗಿಲು ಹಾಕಿದ ಹಾಗೆ. ಗೊತ್ತಿತ್ತು ನನಗೆ. ಅವನಿಗೆ ಗೊತ್ತಿದೆಯೋ ಇಲ್ಲವೋ ನೋಡಿದೆ.

ಮಾರ್ಚ್ 20, ಶನಿವಾರ

ಅಸ್ಸಾ ಸಂತೆಯಲ್ಲಿ ಸತ್ತ ರೇಡಿಯೋಗಳ ಮೇಲೆ ಕೂತು ಹುಕ್ಕಾ ಸೇದುವ ಮುದುಕನೊಬ್ಬನಿದ್ದಾನೆ. ಮಸೀದಿಯ ಒಳಕೋಣೆಯ ಹಳೆಯ ಸ್ಪೀಕರಿನದೊಂದು ಗುಂಡಿ ಅವನ ಹತ್ತಿರ ಸಿಕ್ಕಿತು. ತಂತಿ ಸುತ್ತಿದ್ದು, ಕೆಲವೇ ನೂರಿನದು, ಹೆಬ್ಬೆರಳಷ್ಟು ದಪ್ಪ. ಮಾಮಾಸ್ ಕೈಯಾರೆ ಅರೆದು ಕಳಿಸಿದ್ದ ಬಾದಾಮಿ, ಅರ್ಗಾನ್ ಎಣ್ಣೆ, ಜೇನಿನ ಅಮ್ಲು ಬಾಟಲಿ ಕೊಟ್ಟು ತಂದೆ. ಮುದುಕ ಬೆರಳಲ್ಲಿ ನೆಕ್ಕಿ, “ಇದಕ್ಕೆ ಬೇಕಾದ್ರೆ ಮಸೀದೀನೇ ಬಿಚ್ಕೊಡ್ತೀನಿ,” ಅಂದ.

ಸಂಜೆ ಹೊತ್ತಿಗೆ ಡಬ್ಬಿ ಸಿದ್ಧ. ಗಿಜ್ಲಾನ್ ನಿಧಾನವಾಗಿ ತಿರುಗಿಸಿದಳು. ಅವಳ ಹುಬ್ಬುಗಳು ಸಡಿಲವಾದವು, ಭುಜ ಇಳಿಯಿತು. ಕಣ್ಣು ಮುಚ್ಚಿಕೊಂಡು ಏನೋ ಅಂದಳು. ಹೂಂ ಅಂದೆ.

ಮಾಮಾಸ್ ಫೋನು. ಕತ್ತೆ ಮಾರಿಬಿಟ್ಟಳಂತೆ! ಯಾರನ್ನು ಕೇಳಿ ಮಾರಿದೆ ಎಂದು ಕೂಗಿದೆ. “ನಿನ್ನನ್ನೇ! ಹೂಂ ಅಂದ್ಯಲ್ಲ!” ಎಂದು ಅವಳು ಇನ್ನೂ ಜೋರಾಗಿ ಕೂಗಿದಳು. ಈಗಿನ ಫೋನುಗಳು ಸರಿಯಿಲ್ಲ. ಈಗಿನ ಜನವೂ ಹಾಗೇ, ಬಾಯೊಳಗೇ ಮಾತಾಡುತ್ತಾರೆ.

ಒಳ್ಳೆಯ ಕತ್ತೆ ಅದು.

ಮಾರ್ಚ್ 23, ಮಂಗಳವಾರ

ಬೆಲೈದ್ ಸಹಿ ಹಾಕಲಿಲ್ಲ.

ಗುಂಡಿಯನ್ನು ಕೊನೆಯವರೆಗೆ ತಿರುಗಿಸಿ, ಹೆಲ್ಮೆಟ್ ನನ್ನ ತಲೆಗೆ ಹಾಕಿದ. ಏನೂ ಇಲ್ಲ. ಬಾವಿಯೊಳಗೆ ಕೂತ ಹಾಗೆ.

“ಮೇಲೆ ರೆಕ್ಕೆಯ ವೇಗ ಕಮ್ಮಿ ಆದ್ರೆ ಎಚ್ಚರಿಕೆ ಪೀಪಿ ಊದುತ್ತೆ. ಅದೂ ಇದೇ ತಂತೀಲಿ ಬರೋದು,” ಅಂದ ನನ್ನೆದುರಿಗೆ ನಿಂತು. “ಅವಳ ತೋಳು ತಾಗಿ ಗುಂಡಿ ಮುಚ್ಕೊಂಡ್ರೆ? ಪೀಪಿ ಊದ್ತಾನೇ ಇರುತ್ತೆ, ಅವಳಿಗೆ ಗೊತ್ತೇ ಆಗಲ್ಲ. ಏನೂ ಕೇಳಿಸ್ತಿಲ್ಲ ಅನ್ನೋದೂ ಗೊತ್ತಾಗಲ್ಲ ಮಾವ. ಅದೇ ದೊಡ್ಡ ಅಪಾಯ.”

ನನಗೆ ಉತ್ತರ ಹೊಳೆಯದ ದಿನ ಇದೇ ಮೊದಲು ಎಂದು ಬರೆದಿಡುತ್ತೇನೆ.

ಚಹಾ ಎರಡೇ ಲೋಟ ಕುಡಿದೆ. ರೂಢಿಯ ಮೂರನೆಯದು ಬೇಡವಾಯಿತು.

ಮಾರ್ಚ್ 24, ಬುಧವಾರ

ಹೊಳೆಯಿತು! ಹೊಳೆಯದೆ ಎಲ್ಲಿಗೆ ಹೋಗುತ್ತದೆ!

ನೀರಿನ ಲಾರಿ ಇಂದು ನೀರು ತುಂಬಲು ನಮ್ಮ ತಿಜಗಿಗೇ ಹೋಯಿತು. ಟ್ಯಾಂಕು ತುಂಬುವವರೆಗೆ ಕಾಲುವೆಯ ದಂಡೆಯಲ್ಲಿ ಕೂತಿದ್ದೆ. ಸುತ್ತ ಜವೆಗೋಧಿ ಎದೆಮಟ್ಟ ನಿಂತಿದೆ, ತೆನೆ ಹೊಂಬಣ್ಣಕ್ಕೆ ತಿರುಗುತ್ತಿದೆ. ನೀರಿನ ಸರದಿ ನೋಡುವವನು ಬಂದು ಒಂದು ಹೊಲದ ತೂಬಿಗೆ ಕಲ್ಲಿನ ಹಲಗೆ ಇಳಿಸಿದ. ನೀರು ನಿಂತಿತು. ಆದರೆ ಪೂರ್ತಿ ನಿಲ್ಲಲಿಲ್ಲ. ನಮ್ಮೂರಿನ ಪ್ರತಿ ತೂಬಿನ ಹಲಗೆಗೂ ಕೆಳಗೆ ಎರಡು ಬೆರಳಿನಷ್ಟು ಕಚ್ಚು ಇರುತ್ತದೆ. ಕೆಳಗಿನ ತೊಟ್ಟಿಯಲ್ಲಿ ದನಕರು ಕುಡಿಯಬೇಕಲ್ಲ. ಎಷ್ಟೇ ಜಗಳವಿರಲಿ, ಯಾರ ಸರದಿಯಿರಲಿ, ಆ ಎರಡು ಬೆರಳಿನ ನೀರನ್ನು ತಡೆಯುವ ಹಕ್ಕು ಯಾರಿಗೂ ಇಲ್ಲ. ಹುಟ್ಟಿದಾಗಿನಿಂದ ನೋಡಿದ್ದೇನೆ. ಇಂದೇ ಕಂಡದ್ದು.

ಲಾರಿಯವನಿಗೆ “ಹೊರಡು, ಹೊರಡು” ಅಂದೆ. ಟ್ಯಾಂಕು ಅರ್ಧ ತುಂಬಿತ್ತು. ಮಾಮಾಸ್ ಮನೆಯ ಬಾಗಿಲಿಗೆ ಬಂದು ಕೈಯೆತ್ತಿ ಏನೋ ಕೂಗಿದಳು. ಲಾರಿಯಿಂದಲೇ ಹೂಂ ಅಂದೆ.

ಶಿಬಿರಕ್ಕೆ ಬಂದವನೇ ಗುಂಡಿಯ ಎರಡು ಕಾಲಿಗೂ ಅಡ್ಡಲಾಗಿ ಒಂದು ಪುಟ್ಟ ತಡೆ ಬೆಸೆದೆ. ಗುಂಡಿ ಪೂರ್ತಿ ಮುಚ್ಚಿದರೂ ಸ್ವಲ್ಪ ಸದ್ದು ಆ ಪಕ್ಕದ ದಾರಿಯಿಂದ ಹೋಗಿಯೇ ತೀರುತ್ತದೆ.

ಬೆಲೈದ್ ತಿರುಗಿಸಿದ. ಸದ್ದು ಸಣ್ಣಗಾಯಿತು, ಸಾಯಲಿಲ್ಲ.

“ಗುಂಡಿ ಒಳಗೇ ಮುರಿದುಹೋದ್ರೆ?”

“ಆಗ್ಲೂ ಹರಿಯುತ್ತೆ.”

ಅವನು ಗುಂಡಿಯ ತಂತಿಯನ್ನು ಕತ್ತರಿಯಿಂದ ಕತ್ತರಿಸಿಯೇ ನೋಡಿದ, ಕ್ರೂರಿ. ಎಚ್ಚರಿಕೆಯ ಪೀಪಿ ಊದಿಸಿದ. ಗಿಜ್ಲಾನ್ ಹೆಲ್ಮೆಟ್ಟಿನೊಳಗಿನಿಂದ ಹೆಬ್ಬೆರಳು ಎತ್ತಿದಳು. ಬೆಲೈದ್ ಮತ್ತೆ ಬೆಸೆಯಲು ಹೇಳಿ, ಸಾರ್ಡೀನ್ ಡಬ್ಬಿ ತೆಗೆಸಿ ತನ್ನ ಪೆಟ್ಟಿಗೆಯಿಂದ ಒಂದು ಗಟ್ಟಿ ಡಬ್ಬಿ ಕೊಟ್ಟ.

“ಇದನ್ನ ಯಾರು ಹೇಳ್ಕೊಟ್ರು ಮಾವ?”

“ನಮ್ಮೂರ ದನ.”

ಸಹಿ ಹಾಕಿದ. ಮೂರು ಸಲ ಯೋಚಿಸಿ.

ಮಾರ್ಚ್ 26, ಶುಕ್ರವಾರ

ಮತ್ತೆ ನನ್ನ ಸೀಟು! ನಡುವಿನ ಗುಂಡಿಯನ್ನು ಗಿಜ್ಲಾನ್ ತಾನೇ ತುದಿಯವರೆಗೆ ಏರಿಸಿದಳು, ತನ್ನದನ್ನು ಅರ್ಧಕ್ಕೆ ಇಳಿಸಿಕೊಂಡಳು.

ಇಲಾಖೆಯವರು ಈ ನಡುವೆ ರೇಡಿಯೋ ರಿಪೇರಿ ಮಾಡಿಸಿರಬೇಕು. ಬಹಳ ಸ್ಪಷ್ಟ. ಜೀಪಿನ ಹುಸೇನನಿಗೆ ಕೆಮ್ಮು ಇದೆ. ಶಿಬಿರದ ಮೈಕಿನ ಹಿಂದೆ ಅಡುಗೆಯವನು ಪಾತ್ರೆ ತಿಕ್ಕುತ್ತಾನೆ. ಗಿಜ್ಲಾನ್ ತಿರುವು ತೆಗೆದುಕೊಳ್ಳುವಾಗ ಮೂಗಿನಲ್ಲೇ ಹಾಡಿಕೊಳ್ಳುತ್ತಾಳೆ.

“ಯಾವಾಗಿಂದ ಹಾಡ್ತಿದೀಯ ತಾಯಿ?”

“ಮೊದಲ ದಿನದಿಂದ್ಲೂ, ಸಿ ಫಾಸ್ಕ.”

ಇರಬಹುದು. ನಾನು ಕೆಲಸದ ಮೇಲೆ ಗಮನ ಇಟ್ಟಿರುತ್ತೇನೆ.

ಏಪ್ರಿಲ್ 2, ಶುಕ್ರವಾರ

ಇಂದಿನದನ್ನು ಉದ್ದವಾಗಿಯೇ ಬರೆಯುತ್ತೇನೆ. ಹಾಳೆ ಸಾಲದಿದ್ದರೆ ನಾಳೆಯ ಲೆಕ್ಕದ ಹಾಳೆಯನ್ನೂ ತೆಗೆದುಕೊಳ್ಳುತ್ತೇನೆ.

ನಿನ್ನೆ ಮಧ್ಯಾಹ್ನದಿಂದ ದಕ್ಷಿಣದ ಗಾಳಿ. ಗುಲಾಬಿ ಬಣ್ಣದ ದೊಡ್ಡ ಹಿಂಡು ಗಡಿ ದಾಟಿ ಬಂದಿದೆ ಎಂದು ಸುದ್ದಿ ಬಂತು. ನಕ್ಷೆ ಡಬ್ಬಿ ನೋಡಿ ಎಲ್ಲರೂ ಬಯಲಿನ ಕಡೆ ಬೆರಳು ತೋರಿಸಿದರು. ನಾನು ಬೆಟ್ಟದ ಕಡೆ ತೋರಿಸಿದೆ. “ತಿಜಗಿಯ ಮೇಲಿನ ಕಣಿವೆ. ಅಲ್ಲಿ ಗಾಳಿ ಬೀಳುತ್ತೆ, ಬಂಡೆ ಬೆಳಗಿನವರೆಗೂ ಬೆಚ್ಚಗಿರುತ್ತೆ. ನಾನು ಮಿಡತೆ ಆಗಿದ್ರೆ ಅಲ್ಲೇ ಮಲಗ್ತಿದ್ದೆ.”

“ನೀನು ಮಿಡತೇನೇ ಮಾವ, ತಿನ್ನೋದು ನೋಡಿದ್ರೆ ಗೊತ್ತಾಗಲ್ವಾ,” ಅಂದ ಬೆಲೈದ್.

ಇಂದು ಬೆಳಗ್ಗೆ ಗಿಜ್ಲಾನ್ ಹೆಲಿಕಾಪ್ಟರನ್ನು ಕಣಿವೆಯ ಕಡೆಗೇ ತಿರುಗಿಸಿದಳು. ಸೂರ್ಯ ಹುಟ್ಟಿ ಒಂದು ಗೇಣು ಏರಿದ್ದ. ಕಣಿವೆ ಕಂಡಿತು. ಜಾಲಿಮರಗಳೆಲ್ಲ ಗುಲಾಬಿ. ಬಂಡೆ ಗುಲಾಬಿ. ಕೊಂಬೆಗಳು ಭಾರಕ್ಕೆ ಬಾಗಿವೆ. ಅದರ ಕೆಳಗೆ, ಒಂದು ಕವಣೆ ಕಲ್ಲಿನ ದೂರದಲ್ಲಿ, ನಮ್ಮೂರಿನ ಜವೆಗೋಧಿ. ಅವು ಆಗಲೇ ರೆಕ್ಕೆ ಬಿಡಿಸಿ ಬಿಸಿಲು ಕಾಯಿಸುತ್ತಿದ್ದವು. ಅರ್ಧ ಗಂಟೆ ಸಿಕ್ಕರೆ ಹೆಚ್ಚು.

ಹುಸೇನನ ಜೀಪು ಕೆಳಗೆ ಹಳೆಯ ಟಯರು ಸುಟ್ಟು ಗಾಳಿಯ ದಿಕ್ಕು ತೋರಿಸಿತು. ಒಂದು ಸಾಲು ಹೊಡೆದೆವು. ಎರಡನೆಯದು. ಮೂರನೆಯ ಸಾಲಿಗೆ ಕಣಿವೆಯ ಬಾಯಿಂದ ಒಳಗೆ ನುಗ್ಗುತ್ತಿದ್ದೇವೆ, ಶಿಬಿರದಿಂದ ಸಿ ಮುಖ್ತಾರ್ ಔಷಧ ಎಷ್ಟು ಉಳಿದಿದೆ ಎಂದು ಕೇಳಿದ, ಗಿಜ್ಲಾನ್ ಅವನಿಗೆ ಉತ್ತರ ಕೊಡತೊಡಗಿದಳು. ಅವನ ದನಿಯ ಅಡಿಯಲ್ಲಿ, ಅವಳ ದನಿಯ ಅಡಿಯಲ್ಲಿ, ಹುಸೇನನ ಕೆಮ್ಮು. ಕೆಮ್ಮಿನ ನಡುವೆ ಒಂದು ಮಾತು: “ಕಣಿವೇಲಿ ಹೆಂಗಸಿದಾಳೆ. ಆಡು ಮೇಯಿಸೋಳು.”

“ಮೇಲೆತ್ತು! ಔಷಧ ನಿಲ್ಸು! ಕೆಳಗೆ ಮನುಷ್ಯರಿದಾರೆ!”

ಅವಳು ಯಾಕೆಂದು ಪ್ರಶ್ನಿಸಲಿಲ್ಲ, ತಿರುಗಿ ನೋಡಲೂ ಇಲ್ಲ. ಕೈ ಎಳೆಯಿತು, ಹೆಲಿಕಾಪ್ಟರ್ ನಿಂತ ನಿಲುವಿನಲ್ಲೇ ಆಕಾಶಕ್ಕೆ ಎದ್ದಿತು. ಆಮೇಲೆ ಕಂಡಿತು: ಬಂಡೆಯ ಮರೆಯಲ್ಲಿ ಕೆಂಪು ಸೆರಗು, ಹದಿನೈದಿಪ್ಪತ್ತು ಆಡು. ನಮ್ಮ ಬೀದಿಯ ಯಮ್ನಾ. ಹೆಲಿಕಾಪ್ಟರಿನ ಕಡೆ ಕಲ್ಲೆಸೆಯುತ್ತಿದ್ದಳು. ಗುರಿಯೂ ಚೆನ್ನಾಗಿತ್ತು.

ಹುಸೇನ ಓಡಿ ಅವಳನ್ನೂ ಆಡುಗಳನ್ನೂ ಆಚೆ ದಾಟಿಸಿದ. ಗಿಜ್ಲಾನ್ ಒಂದು ಸುತ್ತು ಹೊಡೆದು ಮತ್ತೆ ಇಳಿದಳು. ಆರು ಸಾಲು, ಒಂದರ ಪಕ್ಕ ಒಂದು, ನೇಗಿಲು ಹೂಡಿದ ಹಾಗೆ. ಕೊನೆಯ ಸಾಲಿನಲ್ಲಿ ಮೇಲಿನ ಮಿಡತೆಗಳು ಏಳತೊಡಗಿದ್ದವು, ಗಾಜಿಗೆ ಪಟಪಟ ಬಡಿದವು. ಎದ್ದವು ಎದ್ದ ಹಾಗೇ ಬಿದ್ದವು.

ತಿಜಗಿಯ ಮೇಲೆ ಹಾರಿ ಹೋದೆವು. ಜವೆಗೋಧಿ ಅಲ್ಲಾಡುತ್ತಿತ್ತು, ನಮ್ಮ ಗಾಳಿಗೆ ಮಾತ್ರ. ಜನ ಮನೆಯ ಮಾಳಿಗೆಗಳ ಮೇಲೆ ನಿಂತು ತಟ್ಟೆ, ತಗಡು, ಬಕೆಟು ಬಡಿಯುತ್ತಿದ್ದರು. ಮಿಡತೆ ಓಡಿಸಲು ತಂದದ್ದನ್ನು ನಮ್ಮ ಮೆರವಣಿಗೆಗೆ ಬಡಿದರು.

ಶಿಬಿರದಲ್ಲಿ ಇಳಿದು ಹೆಲ್ಮೆಟ್ ತೆಗೆದೆವು. ಗಿಜ್ಲಾನ್ ಬಹಳ ಹೊತ್ತು ಕೈ ಒರೆಸಿಕೊಂಡಳು. ಆಮೇಲೆ ನನ್ನ ಎದುರಿಗೆ ಬಂದು ನಿಂತು, ಬಾಯಿ ಕಾಣುವ ಹಾಗೆ ಹೇಳಿದಳು:

“ಹುಸೇನ್ ಹೇಳಿದ್ದು ನನಗೆ ಕೇಳಿಸ್ಲೇ ಇಲ್ಲ, ಮಾವ.”

“ಚಿಂತೆ ಮಾಡ್ಬೇಡ. ಎಲ್ರಿಗೂ ನನ್ನ ಕಿವಿ ಇರುತ್ತಾ?”

ಬೆಲೈದ್ ಚಹಾ ಉಗುಳಿಬಿಟ್ಟ. ಯಾಕೋ ತಿಳಿಯಲಿಲ್ಲ. ನಾನು ಮೂರು ಲೋಟ ಕುಡಿದೆ.

ಏಪ್ರಿಲ್ 3, ಶನಿವಾರ

ಸಿ ಮುಖ್ತಾರ್ ವರದಿಯಲ್ಲಿ ನನ್ನ ಹೆಸರು ಬರೆದ. ಗುಂಡಿಯ ಡಬ್ಬಿಯ ಮೇಲೆ ಬೆಲೈದ್ ಬಿಳಿ ಬಣ್ಣದಲ್ಲಿ ‘ಫಾಸ್ಕ’ ಎಂದು ಬರೆದ. ಅಕ್ಷರ ಡೊಂಕು. ನಾನು ತಿದ್ದಿ ದುಂಡಗೆ ಮಾಡಿದೆ.

ಏಪ್ರಿಲ್ 5, ಸೋಮವಾರ

ಗಿಜ್ಲಾನ್ ನಾಳೆ ಗುಲ್ಮೀಮಿನ ಆಸ್ಪತ್ರೆಗೆ ಹೋಗಬೇಕು. ಪೈಲಟ್ಟುಗಳಿಗೆ ವರ್ಷಕ್ಕೊಮ್ಮೆ ಕಣ್ಣು ಕಿವಿ ಎಲ್ಲ ನೋಡುತ್ತಾರೆ. “ಜೊತೆಗೆ ಬಾ ಮಾವ, ನೀನೂ ತೋರಿಸ್ಕೋ,” ಅಂದಳು. ಸೀಟಿನ ಭಯ ಒಂದು ಗಳಿಗೆ ಬಂದು ಕೂತಿತು. ಅದನ್ನು ಅವಳು ಹೇಗೆ ಕಂಡಳೋ, “ಎಡಗಡೆ ಸೀಟು ನಿಂದೇ. ನಿನ್ನ ಡಬ್ಬಿ ಇದೆಯಲ್ಲ,” ಅಂದಳು. ಹೋಗುತ್ತೇನೆ. ಡಾಕ್ಟರಿಗೂ ಇಂಥ ಕಿವಿ ನೋಡುವ ಅವಕಾಶ ದಿನವೂ ಸಿಗುವುದಿಲ್ಲ.

ಮಾಮಾಸ್ ಫೋನು ಬಂತು. ಹಿಂದೆ ಹೆಂಗಸರ ಗದ್ದಲ. ಜವೆಗೋಧಿ ಕೊಯ್ಲು ಶುರುವಾಗಿರಬೇಕು. ಅವಳು ಏನೋ ಅಂದಳು. ಹೂಂ ಎನ್ನಲು ಬಾಯಿ ತೆರೆದವನು ನಿಲ್ಲಿಸಿದೆ.

“ಕೇಳಿಸ್ಲಿಲ್ಲ ಕಣೇ. ಇನ್ನೊಂದ್ಸಲ ಹೇಳು.”

ಹಿಂದಿನ ಗದ್ದಲವನ್ನು ಅವಳು ಗದರಿಸಿ ನಿಲ್ಲಿಸಿದಳು. ಆಮೇಲೆ ಅವಳು ಹೇಳಿದಳು. ಕೂಗಲಿಲ್ಲ, ಒಂದೊಂದೇ ಮಾತು ಬಿಡಿಸಿ, ಬಾದಾಮಿ ಸುಲಿದು ಕೈಗೆ ಕೊಟ್ಟ ಹಾಗೆ.

“ಕತ್ತೇನ ವಾಪಸ್ ಕೊಡ್ತಾರಂತೆ. ತಗೊಳ್ಳಾ ಅಂದೆ.”

ಹೂಂ ಅಂದೆ. ಈ ಸಲದ್ದು ಕೇಳಿಸಿಕೊಂಡು ಅಂದದ್ದು.